ಊಟದ ಹೊತ್ತಿಗೆ ಸೋರದ ಮನೆ

ನಾನು ಆಡುವ ಹತ್ತು ಮಾತಿನಲ್ಲಿ ಒಂಬತ್ತು ಬೇರೆಯವರ ದನಿಯಲ್ಲಿರುತ್ತವೆ. ಇದು ಹತ್ತನೆಯದು. ನಡೆದದ್ದನ್ನು ನಡೆದ ಹಾಗೇ ಹೇಳುತ್ತಿದ್ದೇನೆ. ನಂಬದವರಿಗೆ ನಮ್ಮತ್ತೆಯ ಹೊಲಿಗೆ ಕುರ್ಚಿ ತೋರಿಸಬಲ್ಲೆ. ಅದಕ್ಕೀಗ ಮೂರೇ ಕಾಲು.

ಬಸ್ ನಿಲ್ದಾಣದಲ್ಲಿ ಪಾಳಿಯ ಮೇಲೆ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎನ್ನುವವನು ನಾನೇ. ವಾಸ ಸೋದರಮಾವನ ಮನೆಯಲ್ಲಿ. ಮಾವ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಸೀಟಿ ಕೊರಳಿನಿಂದ ಇಳಿದಿದೆ, ದನಿಯಿಂದ ಇಳಿದಿಲ್ಲ. ಅತ್ತೆ ಶಾಲಾ ಸಮವಸ್ತ್ರ ಹೊಲಿಯುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಮಷೀನಿನ ಮುಂದೆ ಕೂತರೆ ಊಟಕ್ಕೇ ಏಳುವುದು. ತುಟಿಗಳ ನಡುವೆ ಸದಾ ನಾಲ್ಕು ಗುಂಡುಸೂಜಿ, ಹಾಗಾಗಿ ಅವರ ಮಾತೆಲ್ಲ ಬಾಯಿಯ ಒಂದು ಮೂಲೆಯಿಂದಲೇ ಹೊರಬೀಳಬೇಕು.

ಆ ಕುರ್ಚಿಯ ನೆತ್ತಿಯ ಮೇಲೆ, ಚಾವಣಿಯಲ್ಲಿ, ಒಂದು ಕಲೆ ಕಾಣಿಸಿಕೊಂಡಿತ್ತು. ಮೊದಲು ಲೋಟ ಇಟ್ಟ ಗುರುತಿನಷ್ಟಿತ್ತು. ಎರಡು ಮಳೆ ಬಿದ್ದ ಮೇಲೆ ಊಟದ ತಟ್ಟೆಯಷ್ಟಾಯಿತು. ಕಂದು ಅಂಚು, ಅದರೊಳಗೆ ಇನ್ನೊಂದು ಅಂಚು. ಪಕ್ಕದ ಗೋಡೆಯ ಬಣ್ಣ ಗುಳ್ಳೆ ಎದ್ದಿತ್ತು; ಗುಳ್ಳೆ ಒಡೆದ ಕಡೆ ಉಪ್ಪಿನಂಥ ಬಿಳೀ ಪುಡಿ. ಕಲೆ ಬರೀ ಕಲೆಯಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದಕ್ಕೆ ಹೊಟ್ಟೆ ಬಂದಿತ್ತು. ಆ ಹೊಟ್ಟೆ ಜಾರಿದರೆ ನೇರ ಅತ್ತೆಯ ತಲೆಯ ಮೇಲೆ.

"ಮಾವ, ತಾರಸಿ ನೀರು ಕುಡೀತಿದೆ," ಎಂದೆ.

"ನಾನು ನಿಂತು ಹಾಕ್ಸಿದ ತಾರಸಿ ಅದು," ಎಂದರು ಮಾವ. "ಕಾಂಕ್ರೀಟ್ ಹಾಕಿದ ದಿನ ಬೆಳಗ್ಗಿಂದ ಸಂಜೆವರೆಗೂ ಸೀಟಿ ಊದಿದೀನಿ. ಇಪ್ಪತ್ತೊಂದು ದಿನ ಅದರ ಮೇಲೆ ನೀರು ನಿಲ್ಲಿಸಿದೀನಿ. ಆವಾಗ ಸೋರದ್ದು ಈಗ್ಯಾಕೋ ಸೋರತ್ತೆ?"

"ಆವಾಗ ಅದಕ್ಕೆ ಇಪ್ಪತ್ತೊಂದು ದಿನ. ಈಗ ಇಪ್ಪತ್ತೆರಡು ವರ್ಷ."

"ನಂಗೆ ಅರವತ್ತೆರಡು. ನಾನು ಸೋರ್ತಿದೀನಾ?"

ಉತ್ತರ ನಾಲಗೆಯ ತುದಿಗೆ ಬಂದಿತ್ತು. ಸೋದರಮಾವನಲ್ಲವೇ ಎಂದು ನುಂಗಿಕೊಂಡೆ.

ಅತ್ತೆಗೆ ಹೇಳಿದರೆ ಅವರು ತಲೆಯನ್ನೂ ಎತ್ತಲಿಲ್ಲ. "ಕಿಟಕಿ ಬೆಳಕು ಇಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ಇನ್ನೊಂದು ವಾರದಲ್ಲಿ ಅರವತ್ತು ಅಂಗಿ ಕೊಡ್ಬೇಕು. ನೀವಿಬ್ರೂ ಮೊದ್ಲು ಒಂದು ತೀರ್ಮಾನಕ್ಕೆ ಬನ್ನಿ, ಅಲ್ಲೀವರೆಗೂ ನಾನು ಹೊಲೀತಿರ್ತೀನಿ."

ಮಾವ ಕಣ್ಣಾರೆ ನಂಬದಿದ್ದರೆ ಕಿವಿಯಾರೆ ನಂಬಿಸೋಣ ಎಂದುಕೊಂಡೆ. ನಾಲಗೆಯನ್ನು ಅಂಗುಳಕ್ಕೆ ಒತ್ತಿ, ಕೆನ್ನೆಯನ್ನು ಕೊಂಚ ಒಳಗೆಳೆದು ಬಿಟ್ಟರೆ, ನಿಂತ ನೀರಿಗೆ ಹನಿ ಬಿದ್ದ ಹಾಗೇ 'ಟುಪ್' ಎನ್ನುತ್ತದೆ. ಖಾಲಿ ತಗಡಿನ ಬಕೆಟ್ಟಿಗೆ ಬಿದ್ದದ್ದಾದರೆ 'ಟಣ್'. ಎರಡೂ ನನ್ನ ಹತ್ತಿರ ಇದ್ದವು. ಎರಡನ್ನೂ ಹೊರತೆಗೆದೆ.

ಸೋಮವಾರದಿಂದ ಮೂರು ದಿನ ಮಾವ ಕೂತಲ್ಲಿ ಕೂರಲಿಲ್ಲ. ಪೇಪರು ಬಿಡಿಸಿದರೆ 'ಟುಪ್'. ಎದ್ದು ಗೋಡೆಗೆ ಕಿವಿಯಿಟ್ಟರು. ಶೂಗಳಿಗೆ ಪಾಲಿಶ್ ಹಾಕುತ್ತಿದ್ದರೆ 'ಟುಪ್'. ಒಂದೇ ಶೂ ಹಾಕಿಕೊಂಡು ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಓಡಾಡಿದರು. ಬಕೆಟ್ಟು ಇಟ್ಟರು. ಆಚೆ ಕೋಣೆಯಲ್ಲಿ 'ಟಣ್'. ಇನ್ನೊಂದು ಇಟ್ಟರು. ಬುಧವಾರ ಸಂಜೆಗೆ ಹಜಾರದಿಂದ ಹೊಲಿಗೆ ಕೋಣೆಯವರೆಗೆ ನಾಲ್ಕು ಬಕೆಟ್ಟು, ಎರಡು ಪಾತ್ರೆ, ಒಂದು ಚೊಂಬು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಮಾವ ಒಂದೊಂದರಲ್ಲೂ ಬೆರಳಾಡಿಸಿ, ಬೆರಳನ್ನು ಮೂಸಿ ನೋಡುತ್ತಿದ್ದರು. ಎಲ್ಲವೂ ಒಣ.

"ಗಾರೆಯವರಿಗೆ ಫೋನ್ ಮಾಡ್ಲಾ ಮಾವ? ನಂಬರಿದೆ ನನ್ ಹತ್ರ."

"ಮೊದ್ಲು ಹನಿ ಸಿಗಲಿ," ಎಂದರು. ಕಳ್ಳನನ್ನು ಹಿಡಿಯದೆ ಬಿಡುವುದಿಲ್ಲ ಎನ್ನುವ ದನಿಯಿತ್ತು ಅದರಲ್ಲಿ.

ಗುರುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅತ್ತೆ ನನಗೆ ಮೂರನೇ ಸಲ ಬಡಿಸುತ್ತಿದ್ದರು. ಮಾವ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ದವಡೆ ಮೇಲೆ ಕೆಳಗೆ ಆಡುವುದನ್ನು ನೋಡುತ್ತಿದ್ದರು. ಒಂದು ನಿಮಿಷ ಆಯಿತು. ಎರಡಾಯಿತು.

"ಏನೋ ರೇಡಿಯೋ," ಎಂದರು. ಅದು ಅವರು ನನಗಿಟ್ಟ ಹೆಸರು. "ನೀನು ಊಟ ಮಾಡೋವಾಗ ಮಾತ್ರ ಈ ಮನೆ ಸೋರಲ್ವಲ್ಲ, ಯಾಕೆ?"

ಅಗಿಯುವುದು ನಿಂತಿತು. ಅತ್ತೆ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜ ಕುಣಿಯುತ್ತಿತ್ತು. ಮಾವ ನಗಲಿಲ್ಲ. ಊಟದ ಮೇಲೆ ಅತ್ತೆ ಬಕೆಟ್ಟು ತೆಗೆಯಲು ಹೋದರೆ, "ಇರ್ಲಿ ಬಿಡು, ಅಲ್ಲೇ ನಿಂತಿರ್ಲಿ. ಎಡವಿದಾಗೆಲ್ಲ ಇವನಿಗೆ ನೆನಪಾಗತ್ತೆ," ಎಂದರು.

ನೆನಪಾಗದೆ ಏನು. ಮೂರು ದಿನದ ಆಟಕ್ಕೆ ನನ್ನ ಮಾತಿನ ಮರ್ಯಾದೆ ಪೂರ್ತಿ ಹೋಗಿತ್ತು. ಕಲೆ ಮಾತ್ರ ಎಲ್ಲೂ ಹೋಗಿರಲಿಲ್ಲ, ಅತ್ತೆಯೂ ಅದರ ಕೆಳಗಿಂದ ಕದಲಿರಲಿಲ್ಲ. ಶುಕ್ರವಾರ ಮೈಕಿನಲ್ಲಿ "ಮೂರನೇ ತಾರಸಿಯಿಂದ ಹೊರಡುವ ಬಸ್ಸು" ಎಂದುಬಿಟ್ಟೆ. ಜನ ತಲೆಯೆತ್ತಿ ಮೇಲೆ ನೋಡಿದರು. ಮೇಲಧಿಕಾರಿ ಮನೆಗೆ ಹೋಗಿ ಮಲಗಪ್ಪ ಎಂದರು.

ಮಲಗಲಾಗಲಿಲ್ಲ. ತಾರಸಿ ಹತ್ತಿದೆ. ಎರಡು ದಿನ ಚೆನ್ನಾಗಿ ಬಿಸಿಲು ಕಾದಿದ್ದರೂ ನಡುವೆ ನೀರು ಇನ್ನೂ ನಿಂತಿತ್ತು, ಸುತ್ತ ಪಾಚಿಯ ಗೆರೆ. ನೀರು ಇಳಿಯಬೇಕಾದ ಕೊಳವೆಯ ಬಾಯಿಗೆ ಒಣಗಿದ ಎಲೆ, ಒಂದು ಹಳೇ ಚೆಂಡು. ಮೇಲ್ಪದರ ಸುಟ್ಟ ಅಂಗಾಲಿನ ಹಾಗೆ ಬೊಬ್ಬೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಪಿಚಕ್ಕೆಂದು ನೀರು ಕಾರಿತು. ಮೋಟುಗೋಡೆ ತಾರಸಿಗೆ ಕೂಡುವ ಮೂಲೆಯುದ್ದಕ್ಕೂ ಬಿರುಕು. ನನ್ನ ಗುರುತಿನ ಚೀಟಿ ಅದರಲ್ಲಿ ಅರ್ಧ ಇಳಿಯಿತು. ಒಂದು ಕಡೆ ಎರಡೆಲೆಯ ಸಸಿಯೊಂದು ಬಾಡಿಗೆಯಿಲ್ಲದೆ ಸಂಸಾರ ಹೂಡಿತ್ತು. ಎಲೆ, ಚೆಂಡು ಎಲ್ಲ ತೆಗೆದೆ. ನಿಂತ ನೀರು ಇಳಿದು ಹೋಯಿತು. ಆಗಲೇ ಒಳಗಿಳಿದದ್ದು ಇಳಿದಾಗಿತ್ತು.

"ಒಂದ್ಸಲ ಹತ್ತಿ ನೋಡಿ ಮಾವ. ಗಿಡ ಬಂದಿದೆ."

"ಈಗ ಗಿಡದ ದನೀನೂ ಕಲ್ತ್ಯಾ?"

ಮೊಣಕಾಲು ಕೈಕೊಟ್ಟ ಮೇಲೆ ಮಾವ ಆ ಮೆಟ್ಟಿಲು ಹತ್ತಿ ಎರಡು ವರ್ಷವಾಗಿತ್ತು. ಹತ್ತಲಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು, ತಾರಸಿ ಸೋರುತ್ತದೆ ಎಂದು ಒಪ್ಪುವುದಕ್ಕಿಂತಲೂ ಅವರಿಗೆ ಕಷ್ಟ. ಪೇಪರನ್ನು ಮುಖದ ಮುಂದೆ ಎತ್ತಿಕೊಂಡರು. ಅದು ನಿನ್ನೆಯದು.

ಶನಿವಾರ ಬೆಳಗ್ಗೆ ಮೋಡ ಕವಿದಿತ್ತು. ಮಷೀನಿನ ಸದ್ದು ನಿಂತಾಗೆಲ್ಲ ನಾನು ಹೊಲಿಗೆ ಕೋಣೆಗೆ ಓಡುತ್ತಿದ್ದೆ. ಅತ್ತೆ ದಾರ ಪೋಣಿಸುತ್ತಿರುತ್ತಿದ್ದರು. ನಾಲ್ಕನೇ ಸಲ ಓಡಿದಾಗ ಬಿಳೀ ಅಂಗಿಯ ಕಾಲರಿನ ಮೇಲೆ ಚಿಟಿಕೆ ಮರಳು ಬಿದ್ದಿತ್ತು. ಅತ್ತೆ ಅದನ್ನು ಊದಿ ಹೊಲಿಗೆ ಮುಂದುವರಿಸಿದರು.

"ಏನತ್ತೆ ಅದು?"

"ನಿನ್ನೆಯಿಂದ ಬೀಳ್ತಿದೆ. ಊದಿದ್ರೆ ಹೋಗತ್ತೆ."

ಜೇಡರ ಬಲೆ ತೆಗೆಯುವ ಉದ್ದನೆ ಕೋಲು ತಂದು ಚಾವಣಿಯನ್ನು ತಟ್ಟಿದೆ. ಬಾಗಿಲ ಹತ್ತಿರ 'ಠಕ್'. ಗಟ್ಟಿ. ನಡುವೆ 'ಠಕ್'. ಕಲೆಯ ಅಂಚಿನಲ್ಲಿ 'ಬೊದ್'. ಸದ್ದುಗಳ ವಿಷಯದಲ್ಲಿ ನನ್ನ ಕಿವಿ ತಪ್ಪುವುದಿಲ್ಲ. ಗಾರೆ ಕಾಂಕ್ರೀಟನ್ನು ಬಿಟ್ಟಾಗಿತ್ತು. ನಡುವೆ ಬರೀ ಗಾಳಿ.

"ಶುರು ಮಾಡಿದ್ಯಾ?" ಮಾವ ಬಾಗಿಲಲ್ಲಿ ನಿಂತಿದ್ದರು. "ಬಾಯಿ ಮುಚ್ಚು."

"ಮುಚ್ಚೇ ಇದೀನಿ ಮಾವ. ಕೇಳಿ, ಪೊಳ್ಳು."

"ಮುಚ್ಕೊಂಡೂ ಮಾಡ್ತೀಯ ನೀನು. ಗಂಟಲಲ್ಲಿ."

ಅದು ನಿಜವೇ. ಸುಳ್ಳು ಹನಿಗೆ ಮೂರು ದಿನ ಓಡಾಡಿದವರು ನಿಜವಾದ ಸದ್ದಿಗೆ ಅಲ್ಲಾಡುತ್ತಿಲ್ಲ, ಅದಕ್ಕೆ ಕಾರಣ ನಾನೇ. "ಹೊಡೀಬೇಕು ಅನ್ಸಿದ್ರೆ ಹೊಡೀರಿ ಮಾವ, ಅತ್ತೇನ ಮಾತ್ರ ಅಲ್ಲಿಂದ ಎಬ್ಬಿಸಿ," ಎಂದೆ. ನನ್ನ ದನಿ ನಡುಗಿತು. ಅದನ್ನೂ ಮಾವ ಅನುಮಾನದಿಂದಲೇ ನೋಡಿದರು.

ಮಷೀನು ನಿಂತಿತು. "ನಿಮ್ಮಿಬ್ಬರ ಪರೀಕ್ಷೆ ಮುಗಿಯೋವರೆಗೂ ನಂಗೆ ಹೊಲಿಗೆ ನೇರ ಬರಲ್ಲ," ಎನ್ನುತ್ತಾ ಅತ್ತೆ ಎದ್ದು ಹೋಗಿ, ದೊಡ್ಡ ಲೋಟದಲ್ಲಿ ನೀರು ತಂದು ನನ್ನ ಕೈಗಿಟ್ಟರು. "ಬಾಯ್ತುಂಬ ತುಂಬ್ಕೊ. ನುಂಗ್ಬೇಡ. ರೀ, ಕೋಲು ನೀವು ತಗೊಳ್ಳಿ. ಬಾಯಲ್ಲಿ ಗುಂಡುಸೂಜಿ ಇದ್ದಾಗ ನಾನು ಜಗಳ ಆಡೋಕಾಗತ್ತಾ? ಹಾಗೇ ಇದು."

ಕೆನ್ನೆ ಎರಡೂ ಉಬ್ಬುವಷ್ಟು ನೀರು ತುಂಬಿಕೊಂಡೆ. ಮಾವ ಎಡಗೈಯಿಂದ ಒಂದು ಕೆನ್ನೆಯನ್ನು ಒತ್ತಿ ನೋಡಿ, ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕೋಲೆತ್ತಿದರು. ಬಾಗಿಲ ಹತ್ತಿರ 'ಠಕ್'. ನನ್ನತ್ತ ನೋಡಿದರು. ನಡುವೆ 'ಠಕ್'. ಮತ್ತೆ ನೋಡಿದರು. ಒಂದು ಹೆಜ್ಜೆ ಮುಂದಿಟ್ಟು, ಕುರ್ಚಿಯ ಆಚೆಯಿಂದ ಕೈ ಚಾಚಿ ಕಲೆಯನ್ನು ತಟ್ಟಿದರು.

'ಬೊದ್.'

ನನ್ನ ಕೆನ್ನೆಗಳು ಉಬ್ಬಿಕೊಂಡೇ ಇದ್ದವು. ಮಾವನ ಕೈ ಮೇಲೇ ನಿಂತಿತು. ಇನ್ನೊಮ್ಮೆ, ಮೆಲ್ಲಗೆ ತಟ್ಟಿದರು. 'ಬೊದ್.' ಅವರ ಕನ್ನಡಕದ ಮೇಲೆ ಮರಳಿನ ಸಣ್ಣ ಗೆರೆ ಇಳಿಯಿತು. ಕಲೆಯ ಅಂಚಿನಲ್ಲಿ ಒಂದು ಬಿರುಕು ಹರಿದಾಡಿದ್ದು ನನಗೆ ಕಂಡಿತು. ಕೂಗಲು ಬಾಯಿ ಖಾಲಿಯಿಲ್ಲ. ಮಾವನ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆಳೆದೆ. ಅವರು ತಿರುಗಿ ನನ್ನ ಮೇಲೇ ಬಿದ್ದರು. ಚಾವಣಿಯ ಹೊಟ್ಟೆ ದಡಾರನೆ ಕೆಳಗಿಳಿಯಿತು. ನನ್ನ ಬಾಯಿಯ ನೀರೆಲ್ಲ ಮಾವನ ಮುಖಕ್ಕೆ.

ಧೂಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಟ್ಟೆಯಗಲದ ಗಾರೆ, ಮೂರು ಬೆರಳು ದಪ್ಪ, ಕುರ್ಚಿಯ ಮೇಲೆ ಕೂತಿತ್ತು. ಕುರ್ಚಿಯ ಒಂದು ಕಾಲು ಮುರಿದಿತ್ತು. ಮೇಲೆ ತುಕ್ಕು ಹಿಡಿದ ಕಂಬಿಗಳು ಪಕ್ಕೆಲುಬಿನಂತೆ ಕಾಣುತ್ತಿದ್ದವು. ಮಾವ ಕಂಬಿಗಳನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಬಾಗಿಲಲ್ಲಿ ನಿಂತ ಅತ್ತೆಯನ್ನು ನೋಡಿದರು.

"ಇಲ್ಲೇ ಕೂತಿದ್ಯಲ್ಲ ನೀನು."

ಅತ್ತೆ ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡರು. "ಇಪ್ಪತ್ತೆರಡು ವರ್ಷದಿಂದ ಇಲ್ಲೇ ಕೂತಿದೀನಿ."

ಮಾವ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. ಸೀಟಿಯ ದನಿ ಬರಲಿಲ್ಲ. "ಮೆಟ್ಟಿಲು ಹತ್ತೋಕಾಗಲ್ಲ ನಂಗೆ," ಎಂದರು ಅತ್ತೆಗೆ. ಆಮೇಲೆ ನನ್ನ ಕಡೆ ತಿರುಗಿ, "ಗಾರೆಯವರ ನಂಬರು ಕೊಡು. ಫೋನ್ ನಾನೇ ಮಾಡ್ತೀನಿ. ನೀನು ಮಾಡಿದ್ರೆ ಯಾರ ದನೀಲಿ ಮಾಡ್ತೀಯೋ ಏನೋ."

ನಂಬರು ಬರೆದಿದ್ದ ಚೀಟಿ ಕೊಟ್ಟೆ. ಅದನ್ನು ಓದಲು ಅವರು ತಲೆ ಬಗ್ಗಿಸಿದರು. ಕಾಲ ಬಳಿ, ಗುರುವಾರದಿಂದ ಶಿಕ್ಷೆಗೆ ನಿಂತಿದ್ದ ತಗಡಿನ ಬಕೆಟ್ಟು.

'ಟಣ್.'

ಮಾವ ಸಟ್ಟನೆ ನನ್ನತ್ತ ನೋಡಿದರು. ನಾನು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ.

'ಟಣ್.'

ಮಾವ ನಿಧಾನಕ್ಕೆ ತಮ್ಮ ಗಲ್ಲ ಮುಟ್ಟಿ ನೋಡಿಕೊಂಡರು. ಮೀಸೆಯಿಂದ ನೀರಿಳಿಯುತ್ತಿತ್ತು. ಬಗ್ಗಿ ಬಕೆಟ್ಟಿನಲ್ಲಿ ಬೆರಳಾಡಿಸಿದರು. ಬೆರಳನ್ನು ಮೂಸಿದರು.

"ಸಿಕ್ತು," ಎಂದರು.

ಮೊದಲು ನಕ್ಕದ್ದು ಅತ್ತೆ, ಆಮೇಲೆ ನಾನು. ಮಾವ ಶುರು ಮಾಡಿದ ಮೇಲೆ ನಮ್ಮಿಬ್ಬರದೂ ಕೇಳಿಸಲೇ ಇಲ್ಲ. ಆ ಅಬ್ಬರಕ್ಕೆ ಮೇಲಿಂದ ಇನ್ನೊಂದು ಹಿಡಿ ಮರಳು ಉದುರಿ ಮೂವರೂ ಬೀದಿಗೆ ಓಡಿದೆವು. ಅಲ್ಲಿಯೂ ಮಾವ ಮೊಣಕಾಲು ಹಿಡಿದುಕೊಂಡು, ಕೈಯಲ್ಲಿ ಚೀಟಿ ಅಲ್ಲಾಡಿಸುತ್ತಾ, ಎದುರು ಮನೆಯವರೆಲ್ಲ ಬಾಗಿಲಿಗೆ ಬರುವಷ್ಟು ಜೋರಾಗಿ ನಗುತ್ತಲೇ ಇದ್ದರು.