ಕೊಳವೆಯ ತಳದ ಬೂಷ್ಟು

ಹರಿಣಾಕ್ಷಿ ಒಣಮೀನಿನ ವ್ಯಾಪಾರ ನಿಲ್ಲಿಸಿದ್ದು ಜಡಿಮಳೆಯ ದಿನಗಳಲ್ಲಿ, ಹಸಿಮೀನು ಸಿಗದೆ ಊರಿಡೀ ಒಣಮೀನು ಕೇಳಿಕೊಂಡು ಬರುವ ಹೊತ್ತಿಗೆ. ಮೂವತ್ತು ವರ್ಷ ತೆಕ್ಕಟ್ಟೆಯ ಮನೆಮನೆಗೆ ಬುಟ್ಟಿ ಹೊತ್ತವಳು, ಒಂದೇ ಮಾತಿಗೆ ಬಿಟ್ಟಳು. ಆ ಮಾತು ಸೊಸೆ ಪೂಜಿತಾಳದ್ದು.

"ಅತ್ತೆ, ನಿಮ್ ಮೀನಿನ್ ವಾಸ್ನಿಗೇ ಮಗಿಗೆ ದಮ್ಮು ಬಪ್ದ್."

ಮಗು ಎಂದರೆ ಮೊಮ್ಮಗಳು ದೀಕ್ಷಾ. ಐದು ವರ್ಷ. ಮಳೆ ಹಿಡಿದಾಗಿನಿಂದ ಹಾಸಿಗೆಗೆ ಬಿದ್ದಳೆಂದರೆ ಎದೆ ಗೊರಗೊರ. ಪೂಜಿತಾ ಕೆಟ್ಟವಳಲ್ಲ. ಮಗು ಉಸಿರಿಗೆ ಒದ್ದಾಡುವುದನ್ನು ಕಂಡ ತಾಯಿಗೆ ಬೈಯಲು ಏನಾದರೊಂದು ಬೇಕು, ಮನೆಯಲ್ಲಿ ಎಲ್ಲಕ್ಕಿಂತ ಜೋರಾಗಿ ನಾರುತ್ತಿದ್ದದ್ದು ಆ ಬುಟ್ಟಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬುಟ್ಟಿ ಹೋಯಿತು. ದಿನಕ್ಕೆರಡು ಸ್ನಾನ ಶುರುವಾಯಿತು. ಆದರೂ ಹರಿಣಾಕ್ಷಿ ಮಗುವಿನ ಕೋಣೆಗೆ ಕಾಲಿಡುವಂತಿಲ್ಲ, ಎತ್ತಿಕೊಳ್ಳುವಂತಿಲ್ಲ. ಹುಟ್ಟಿದಾಗಿನಿಂದ ಅವಳ ಮಗ್ಗುಲಲ್ಲೇ ಮಲಗಿದ ಮಗು ಅದು. ಮೂರು ವಾರ ಹೊಸ್ತಿಲಿನಾಚೆ ನಿಂತು ನೋಡಿದಳು. ಸೆರಗು ಮೂಸಿಕೊಂಡು ತನ್ನ ಮೈಯನ್ನೇ ಶಪಿಸಿದಳು. ದಮ್ಮು ಮಾತ್ರ ಇಳಿಯಲಿಲ್ಲ.

ಆ ಮನೆಗೆ ಎ.ಸಿ. ಹಾಕಿಸಿದ್ದು ಮಗ ರತನ್. ಮುಂಬೈಯ ಹೋಟೆಲಿನಲ್ಲಿ ಕೆಲಸ, ಅಲ್ಲಿ ಕಂಡದ್ದನ್ನೇ ಇಲ್ಲೂ ಮಾಡಿಸಿದ: ಒಂದೇ ಮೆಷಿನು, ಅದರಿಂದ ಮೂರು ಕೋಣೆಗೆ ಸೀಲಿಂಗಿನ ಮೇಲೆ ತಗಡಿನ ಗಾಳಿಕೊಳವೆ. ಈ ಕಡೆ ಮಳೆಗಾಲ ಬಂತೆಂದರೆ ಬೈಕು, ಪಂಪು, ಕಟ್ಟಿಗೆ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ ಕಟ್ಟುವುದೇ ರೂಢಿ. ಪೂಜಿತಾ ಅದೇ ಲೆಕ್ಕದಲ್ಲಿ, ಥಂಡಿ ಒಳಬಾರದಿರಲಿ ಎಂದು, ಬಳಸದ ಎರಡು ಕೋಣೆಯ ಕೊಳವೆಯ ಬಾಯಿಗೂ ಪ್ಲಾಸ್ಟಿಕ್ ಬಿಗಿದಿದ್ದಳು. ದೀಕ್ಷಾಳ ಕೋಣೆಯದ್ದು ಮಾತ್ರ ತೆರೆದಿತ್ತು, ರಾತ್ರಿ ಎ.ಸಿ. ಓಡುತ್ತಿದ್ದದ್ದು ಅಲ್ಲಿಗಷ್ಟೇ.

ಎ.ಸಿ. ಸರ್ವಿಸಿಗೆಂದು ಕುಂದಾಪುರದಿಂದ ಮೆಕ್ಯಾನಿಕ್ ಯೋಗೀಶ ಬಂದ. ದೀಕ್ಷಾಳ ಕೋಣೆಯ ಜಾಲರಿ ಒರೆಸಿ, ಮೆಷಿನು ಚಾಲೂ ಮಾಡಿ, ಪಕ್ಕದಲ್ಲಿದ್ದ ಪೂಜಿತಾಳಿಗೆ "ಎಲ್ಲಾ ಕ್ಲೀನ್ ಇತ್ತ್ ಅಕ್ಕಾ" ಎಂದ. ಚಹಾ ತಂದು ಹೊಸ್ತಿಲಲ್ಲಿ ನಿಂತಿದ್ದ ಹರಿಣಾಕ್ಷಿಯ ಮೂಗಿಗೆ ಗಾಳಿ ಬಡಿಯಿತು. ಅದು ಮೀನಿನ ವಾಸನೆಯಲ್ಲ. ಶೀತ ಕುಡಿದು ಒಳಗೊಳಗೇ ಕೆಟ್ಟ ಬುಟ್ಟಿಯ ವಾಸನೆ. ಮೇಲಿನ ಮೀನು ನೋಡಿ ಬುಟ್ಟಿ ಹೊತ್ತರೆ ಮರ್ಯಾದೆ ಹೋಗುತ್ತದೆ, ತಳಕ್ಕೆ ಕೈ ಹಾಕಿ ನೋಡಿಯೇ ಹೊರಡಬೇಕು ಎಂಬುದು ಅವಳಿಗೆ ಮೂವತ್ತು ವರ್ಷದ ಪಾಠ.

"ಹ್ವಾಯ್, ಬಾಯಿ ಒರ್ಸಿರೆ ಆಯ್ತಾ? ತಳಕ್ಕೆ ಕೈ ಹಾಕಿ ಕಾಣಿ."

ಯೋಗೀಶ ನಕ್ಕ. "ಅಮ್ಮಾ, ಇದ್ ಮೀನಿನ್ ಬುಟ್ಟಿ ಅಲ್ದೇ!"

ಅವಳು ಚಹಾದ ಲೋಟ ಕೆಳಗಿಟ್ಟಳು. ಹೊಸ್ತಿಲು ದಾಟಿ, ಸ್ಟೂಲು ಹತ್ತಿ, ಜಾಲರಿ ಸರಿಸಿ, ಕೊಳವೆಯೊಳಗೆ ತೋಳಿನವರೆಗೆ ಕೈ ತೂರಿದಳು. ಹೊರಬಂದ ಅಂಗೈ ಕಪ್ಪಗೆ, ಲೋಳೆಲೋಳೆ. ಯೋಗೀಶನ ನಗು ಅಲ್ಲೇ ಆರಿತು. ಟಾರ್ಚು ಬಿಟ್ಟು ನೋಡಿದ, ಉಳಿದ ಕೋಣೆಗಳಿಗೂ ಹೋಗಿ ಪ್ಲಾಸ್ಟಿಕ್ ಬಿಚ್ಚಿದ. ಕೊಳವೆಯ ಒಳಮೈಗೆ ಹಾಕಿದ್ದ ಹತ್ತಿಯಂಥ ಹೊದಿಕೆ ಒದ್ದೆಮುದ್ದೆ, ಮೇಲಿಡೀ ಬೂಷ್ಟು.

"ಬಾಯಿ ಕಟ್ಟಿದ್ದಕ್ಕೆ ಗಾಳಿ ಆಡ್ಲಿಲ್ಲೆ ಅಕ್ಕಾ. ನೀರ್ ಒಣ್ಗ್ದೆ ಬೂಷ್ಟ್ ಹಿಡ್ದಿತ್ತ್. ಅದೇ ಗಾಳಿ ಮಗು ಕುಡೂದ್. ಇದೆಲ್ಲ ತೆಗ್ದ್ ಹೊಸ್ತ್ ಹಾಕ್ಬೇಕ್. ಇನ್ ಮೇಲೆ ಎಲ್ಲಾ ಬಾಯಿಯೂ ತೆರ್ದೇ ಇರ್ಲಿ. ಎ.ಸಿ. ಬಂದ್ ಮಾಡುಕ್ ಮುಂಚೆ ಬರೀ ಫ್ಯಾನ್ ಸ್ವಲ್ಪ ಹೊತ್ತ್ ಓಡ್ಸಿ, ಒಳ್ಗೆಲ್ಲ ಒಣ್ಗ್ಲಿ."

ಪೂಜಿತಾ ನೆಲದ ಮೇಲೇ ಕುಳಿತುಬಿಟ್ಟಳು. "ಕಟ್ಟಿದ್ ನಾನೇ ಅತ್ತೆ. ನಿಮ್ಗ್ ಎಂತೆಲ್ಲ ಹೇಳ್ದೆ..."

ಆಡಬೇಕೆಂದರೆ ಹರಿಣಾಕ್ಷಿಯ ಬಾಯಲ್ಲಿ ಮೂರು ವಾರದ ಮಾತಿತ್ತು. ಆದರೆ ಸೊಸೆ ಅಳುವುದನ್ನು ನೋಡಿ ಪಾಪ ಅನ್ನಿಸಿತು. "ಮರ್ಕ್‌ಬೇಡ ಹೆಣ್ಣೆ. ಹೆದ್ರಿಕೆಗೆ ಹೇಳ್ದ್ ಮಾತ್ ಅದ್" ಎಂದು ಕೈ ತೊಳೆಯಲು ಹೋದಳು. ಸೋಪು ಹಚ್ಚಿ ಮೂರು ಸಲ ತಿಕ್ಕಿದಳು.

ಸಂಜೆ ದೀಕ್ಷಾ ಶಾಲೆಯಿಂದ ಬಂದವಳು ಕೊಡೆ ಎಸೆದು ಅಜ್ಜಿಯ ಕಡೆಗೇ ಓಡಿದಳು. ಹರಿಣಾಕ್ಷಿ ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ಎತ್ಕಣಿ ಅತ್ತೆ" ಎಂದಳು ಪೂಜಿತಾ.

ಎತ್ತಿಕೊಂಡಳು. ಮಗು ಅವಳ ಕುತ್ತಿಗೆಗೆ ಮೂಗು ಒತ್ತಿ ಒಮ್ಮೆ ಮೂಸಿತು, ಮತ್ತೊಮ್ಮೆ ಮೂಸಿತು, ಮುಖ ಹಿಂದೆಳೆದು ನೋಡಿತು.

"ಅಜ್ಜೀ, ನಿನ್ ವಾಸ್ನಿ ಎಲ್ಲಿಗ್ ಹೋಯ್ತ್?"

ಮೂರು ವಾರ ತಡೆದುಕೊಂಡಿದ್ದ ಅಳು ಹರಿಣಾಕ್ಷಿಗೆ ಆಗ ಬಂತು.