ದೊಡ್ಡ ಟ್ಯಾಂಕಿನ ನೊರೆ

ಖಾಜಾ ಪೀರ್ ಚೊಂಬನ್ನು ನೆಲಕ್ಕಿಟ್ಟು ಹಿಂದಕ್ಕೆ ಸರಿದರು.

"ನನ್ನ ಕೈಲಾಗಲ್ಲಮ್ಮ."

ಗೌರಿಬಿದನೂರಿನ ಆ ಗಲ್ಲಿಯಲ್ಲಿ ಗಂಡಸರು ಯಾರು ತೀರಿಕೊಂಡರೂ ಹೆಣಕ್ಕೆ ಸ್ನಾನ ಮಾಡಿಸುವವರು ಅವರೇ. ಕಾಲರಾದಲ್ಲಿ ಸತ್ತವರನ್ನೂ ಹಿಂದೆಮುಂದೆ ನೋಡದೆ ತೊಳೆದ ಮನುಷ್ಯ. ಈಗ ನೀಲಿ ಅಂಗಿಯ ತೋಳಿನ ಗುಂಡಿ ಹಾಕಿಕೊಂಡು, ಹಲಗೆಯ ಮೇಲೆ ಮಲಗಿಸಿದ್ದ ಖಲೀಮುಲ್ಲಾನನ್ನು ದೂರದಿಂದಲೇ ನೋಡುತ್ತಿದ್ದರು. ಬೋರೆ ಎಲೆ ಹಾಕಿ ಕಾಯಿಸಿದ ನೀರು ಆರುತ್ತಿತ್ತು.

ಮಹಮೂದಾಳ ಕಿವಿಗೆ ಮಾತು ಬಿತ್ತು, ತಲೆಗೆ ಹೋಗಲಿಲ್ಲ. ನಿನ್ನೆ ಬೆಳಿಗ್ಗೆ ರೊಟ್ಟಿ ಸೀದಿದೆ ಎಂದು ರೇಗಿಸಿ ಹೋದ ಗಂಡ! ಫ್ಯಾಕ್ಟರಿಯ ಖಾಲಿ ಟ್ಯಾಂಕಿಗೆ ಬಿದ್ದ ಸ್ಪ್ಯಾನರ್ ತೆಗೆಯಲು ಇಳಿದನಂತೆ. ಒಳಗೆ ಉಸಿರಾಡಲು ಗಾಳಿಯೇ ಇರಲಿಲ್ಲವಂತೆ. ಗಟ್ಟಿಮುಟ್ಟಾದ ಆಳು, ಅಷ್ಟರಲ್ಲೇ ಮುಗಿದುಹೋದ. ಎಂಥ ಅನ್ಯಾಯ! ಅಳಬೇಕೆಂದೂ ಅವಳಿಗೆ ತೋಚಿರಲಿಲ್ಲ.

"ಸಾಬ್ರೇ, ಗಾಳಿ ಇಲ್ದೆ ಹೋಗಿರೋದು, ಟ್ಯಾಂಕಲ್ಲಿ ಬೆಳೆಸೋ ಬ್ಯಾಕ್ಟೀರಿಯಾದಿಂದ ಅಲ್ಲ," ಎಂದ ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ಚನ್ನಕೇಶವ. "ಅದು ಮನುಷ್ಯರಿಗೆ ಏನೂ ಮಾಡಲ್ಲ."

"ಹಂಗಾದ್ರೆ ಕೈಗೆ ಗ್ಲೌಸು, ಮೂತಿಗೆ ಬಟ್ಟೆ ಯಾಕಪ್ಪ ಕಟ್ಕೊಂತೀರ? ಖಲೀಮೇ ಟೀ ಅಂಗಡೀಲಿ ಹೇಳಿದ್ನಲ್ಲ, ಒಂದು ತೊಟ್ಟು ಬಿದ್ರೆ ಚರ್ಮ ಕಿತ್ಕೊಂಡು ಬರ್ತದೆ ಅಂತ! ಸತ್ತೋನ ಮಾತು ಸುಳ್ಳಾ?"

ಅಂಗಳದಲ್ಲಿದ್ದ ಗಂಡಸರೆಲ್ಲ ಹೌದು ಹೌದೆಂದರು. ಪ್ಲಾಸ್ಟಿಕ್ ಸುತ್ತಿ ಹಾಗೇ ಮಣ್ಣು ಮಾಡೋಣ ಎಂದ ಒಬ್ಬ. ಮಹಮೂದಾ ತಟ್ಟನೆ ತಲೆಯೆತ್ತಿದಳು. ಸ್ನಾನವೂ ಇಲ್ಲದೆ, ಬೀದಿನಾಯಿಯನ್ನು ಹೂಳುವ ಹಾಗೆ?

* * *

ತೊಂಬತ್ತೈದರಲ್ಲಿ ಆ ಫ್ಯಾಕ್ಟರಿ ಸೇರಿದ ಮೇಲೆ ಖಲೀಮುಲ್ಲಾನ ಬಾಯಿಗೆ ಬಿಡುವೇ ಇರಲಿಲ್ಲ. ಹಿಂದೆ ಆಸಿಡ್‌ನಲ್ಲಿ ಬೇಯಿಸಿ ತೆಗೆಯುತ್ತಿದ್ದ ಕೆಮಿಕಲನ್ನು ಈಗ ಹುಟ್ಟುಗುಣ ತಿದ್ದಿದ ಬ್ಯಾಕ್ಟೀರಿಯಾ ಮಾಡಿಕೊಡುತ್ತವೆ ಎನ್ನುತ್ತಿದ್ದ.

"ಮೊಸರಿಗೆ ಹೆಪ್ಪು ಹಾಕಲ್ವೇನೇ, ಹಂಗೆ. ಬಾಟಲೀಲಿ ಬೆಳೆಸಿ ಸಣ್ಣ ಟ್ಯಾಂಕಿಗೆ, ಅಲ್ಲಿಂದ ದೊಡ್ಡದಕ್ಕೆ. ಬಾಟಲೀಲಿ ಹೇಳಿದಂಗೆ ಕೇಳ್ತಿದ್ದದ್ದು ದೊಡ್ಡ ಟ್ಯಾಂಕಲ್ಲಿ ಕೈಕೊಡ್ತದೆ ಕಣೇ, ಅದೇ ಪಜೀತಿ."

ಗ್ಲೌಸು ಹಾಕುವುದು, ಹೊರಗಿನ ಕೊಳೆ ಸೇರಿ ಅದು ಕೆಡಬಾರದೆಂದು. ಶಿಡ್ಲಘಟ್ಟದ ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದ ಮಹಮೂದಾಳಿಗೆ ಇದು ಸಲೀಸಾಗಿ ಅರ್ಥವಾಗಿತ್ತು. ಹುಳುವಿಗೆ ರೋಗ ತಗಲೀತೆಂದು ಅವರೂ ಕೈ ತೊಳೆದೇ ಒಳಗೆ ಹೋಗುತ್ತಿದ್ದರು. ಆದರೆ ಟೀ ಅಂಗಡಿಯವರು 'ಮೊಸರು ಫ್ಯಾಕ್ಟರಿ' ಎಂದು ಗೇಲಿ ಮಾಡಿದಾಗ ಖಲೀಮುಲ್ಲಾನಿಗೆ ತಡೆಯಲಾಗಲಿಲ್ಲ. ಚರ್ಮ ಕಿತ್ತು ಬರುವ ಕತೆ ಕಟ್ಟಿದ್ದು ಆಗ.

ದೊಡ್ಡ ಟ್ಯಾಂಕನ್ನು ಮೊದಲ ಸಲ ಓಡಿಸಿದ ದಿನ ನೊರೆ ಉಕ್ಕಿ ಅವನ ತಲೆಯ ಮೇಲೇ ಸುರಿಯಿತು. ಸಂಜೆ ಮನೆಗೆ ಬಂದವನ ಹೊಸ ಅಂಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಮಹಮೂದಾ ನಕ್ಕೂ ನಕ್ಕೂ ಅದನ್ನು ಬರಿಗೈಯಲ್ಲೇ ಒಗೆದಳು.

"ಯಾರ ಹತ್ರಾನೂ ಅನ್ಬೇಡ ಕಣೇ, ಟ್ಯಾಂಕು ಉಕ್ಕಿದ್ದು ಹೊರಗೆ ಗೊತ್ತಾದ್ರೆ ಕೆಲಸ ಹೋಗ್ತದೆ," ಎಂದಿದ್ದ.

* * *

ಮಹಮೂದಾ ಎದ್ದು ಚೊಂಬು ತೆಗೆದುಕೊಂಡಳು.

"ನಾನೇ ಮಾಡಿಸ್ತೀನಿ. ಹೆಂಡತಿಗೆ ಹಕ್ಕಿದೆ ಅಂತ ನೀವೇ ಹೇಳ್ತಿದ್ರಿ, ಚಾಚಾ."

"ನಿಂಗೂ ಅಂಟ್ಕೊಂತದಮ್ಮ!"

"ಅಂಟೋದಾಗಿದ್ರೆ ಹೋದ ವರ್ಷವೇ ಅಂಟ್ತಿತ್ತು." ಗಂಡನಿಗೆ ಕೊಟ್ಟ ಮಾತನ್ನು ಅವಳು ಮುರಿದಳು. ಇನ್ನು ಹೋಗುವುದಕ್ಕೆ ಯಾವ ಕೆಲಸವಿದೆ? "ಆ ಟ್ಯಾಂಕಿನ ನೊರೇಲಿ ತಲೆಯಿಂದ ಕಾಲ್ವರೆಗೂ ನೆಂದು ಬಂದಿದ್ರು. ಆ ಅಂಗೀನ ಈ ಕೈಯಲ್ಲೇ ಒಗ್ದಿದ್ದೀನಿ. ಕೇಳಿ ಈ ಸಾರ್‌ನ, ಇವರೂ ಅಲ್ಲೇ ಇದ್ರು."

ಚನ್ನಕೇಶವ ತಲೆ ತಗ್ಗಿಸಿ, "ನಿಜ," ಎಂದ.

"ಯಾವ ಅಂಗಿ?" ಖಾಜಾ ಪೀರ್‌ಗೆ ನಂಬಿಕೆ ಬರಲಿಲ್ಲ.

"ಒಗೆದ ಮೇಲೆ ಅವರಿಗೆ ಬಿಗಿ ಆಯ್ತು. ಈದ್‌ಗೆ ನಿಮಗೆ ಕೊಟ್ರಲ್ಲ, ಚಾಚಾ. ಮೈಮೇಲಿದೆ ನೋಡಿ."

ಖಾಜಾ ಪೀರ್ ಬೆಚ್ಚಿಬಿದ್ದು ಎದೆ ನೋಡಿಕೊಂಡರು. ಬೆರಳುಗಳು ಕತ್ತಿನ ಗುಂಡಿಗೆ ಹೋದವು. ಅಂಗಿಯನ್ನು ಕಿತ್ತೆಸೆಯುತ್ತಾರೆಂದೇ ಎಲ್ಲರೂ ಅಂದುಕೊಂಡರು. ಅಲ್ಲೇ ತಡೆದ ಬೆರಳುಗಳು ನಿಧಾನಕ್ಕೆ ತೋಳಿನ ಗುಂಡಿಗೆ ಇಳಿದವು.

ಮಹಮೂದಾಳಿಗೆ ಆಗ ಅಳು ಒತ್ತರಿಸಿ ಬಂತು.

ಮುದುಕರು ನೀಲಿ ತೋಳುಗಳೆರಡನ್ನೂ ಮೊಣಕೈ ಮೇಲಕ್ಕೆ ಮಡಚಿ, ಅವಳ ಕೈಯಿಂದ ಚೊಂಬು ತೆಗೆದುಕೊಂಡು, ಬಿಸ್ಮಿಲ್ಲಾ ಎಂದು ಖಲೀಮುಲ್ಲಾನ ಬಲಗೈಯನ್ನು ಹಿಡಿದೆತ್ತಿದರು.