ಮಳೆಯ ಬೆನ್ನಿಗೆ ಹಿಮ

ಕುರಿ ಸಾಕುವವರ ಮನೆಯಲ್ಲಿ ಚಳಿಗಾಲ ಬಂತೆಂದರೆ ಒಂದೇ ಚಿಂತೆ. ಮೆದೆಯಲ್ಲಿ ಹುಲ್ಲು ಎಷ್ಟಿದೆ, ವಸಂತ ಇನ್ನೆಷ್ಟು ದೂರ ಇದೆ. ತಲಾಸ್ ಕಣಿವೆಯ ಸಾತಿಬಾಲ್ಡಿ ಮುದುಕನ ಮನೆಯಲ್ಲೂ ಅಷ್ಟೇ. ಊರಿಗೆಲ್ಲ ಆತ 'ಅತಾ', ಅಂದರೆ ಅಪ್ಪ. ಕೊಟ್ಟಿಗೆಯ ಮಾಡಿನ ಮೇಲೆ ಒಟ್ಟಿದ್ದ ಹುಲ್ಲನ್ನು ಕುರಿ ಮರಿ ಹಾಕುವವರೆಗೆ ಆತ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅಲ್ಲಿಯವರೆಗೆ ಕುರಿಗಳು ತಾವೇ ಮೇದು ಬದುಕಬೇಕು. ಅದಕ್ಕೇ ಆ ವರ್ಷವೂ ಮಗ ಎಸೆನ್ ಮಂದೆ ಹೊಡೆದುಕೊಂಡು ಕೆಳಗಿನ ಹೊಳೆಬಯಲಿಗೆ ಇಳಿದಿದ್ದ. ಊರಿನಲ್ಲಿ ಮೊಣಕಾಲುದ್ದ ಹಿಮ ಬಿದ್ದರೂ ಆ ತಗ್ಗಿನಲ್ಲಿ ಹಿಮ ನಿಲ್ಲುವುದಿಲ್ಲ ಎಂದು ಎಲ್ಲರ ನಂಬಿಕೆ.

ಎಸೆನ್‌ನ ಹೆಂಡತಿ ಬುರುಲ್. ಬೆಳಿಗ್ಗೆ ಹಾಲು ಕರೆದು ಬಂದು ಚಹಾಕ್ಕೆ ಇಡುವಾಗ ಅವಳಿಗೆ ರೇಡಿಯೊ ಬೇಕೇ ಬೇಕು. ಅವತ್ತು ಹವಾಮಾನದವರು, ನಾಳೆಯಿಂದ ಕಣಿವೆಯಲ್ಲೆಲ್ಲ ಮಳೆ ಎಂದರು. ಮುದುಕನ ಮುಖ ಅರಳಿತು. ಚಳಿಗಾಲದ ಮಳೆಯೆಂದರೆ ಕುರಿಗಾರನಿಗೆ ಹಬ್ಬ. ತೆಳುವಾಗಿ ಬಿದ್ದ ಹಿಮ ಕರಗುತ್ತದೆ, ಅಡಿಯಲ್ಲಿದ್ದ ಒಣಹುಲ್ಲು ತಲೆ ಎತ್ತುತ್ತದೆ, ಕುರಿಗಳಿಗೆ ಹೊಟ್ಟೆ ತುಂಬ ಮೇವು. ದೇವರು ಕಣ್ಣು ಬಿಟ್ಟ, ಹೊಳೆ ದಾಟಿ ಆಚೆ ದಂಡೆಗೆ ಹೋಗಲಿಕ್ಕೆ ಎಸೆನ್‌ಗೆ ಹೇಳು ಎಂದು ಸೊಸೆಗೆ ಅಪ್ಪಣೆಯೂ ಆಯಿತು.

ರೇಡಿಯೊ ಮಾತು ಮುಗಿಸಿರಲಿಲ್ಲ. ಮಳೆಯ ಬೆನ್ನಿಗೆ ಗಾಳಿ ತಿರುಗುತ್ತದೆ, ಚಳಿ ಒಮ್ಮೆಲೇ ಏರುತ್ತದೆ, ತಗ್ಗು ಬಯಲುಗಳಲ್ಲೂ ಹಿಮ ಬೀಳುತ್ತದೆ, ಕುರಿ ಸಾಕುವವರು... ಅಷ್ಟರಲ್ಲಿ ಮುದುಕ ಕೈ ಚಾಚಿ ಅದರ ಕಿವಿ ಹಿಂಡಿದ.

"ಬೆಳಗಾಗೆದ್ದು ಎಂಥ ಕೆಟ್ಟ ಬಾಯಿ ಇವರದ್ದು" ಎಂದ.

ಆ ಮನೆಯ ರೀತಿಯೇ ಹಾಗೆ. ಕೆಟ್ಟದ್ದರ ಹೆಸರು ಎತ್ತುವಂತಿಲ್ಲ. ತೋಳವನ್ನು ತೋಳ ಎನ್ನುವುದಿಲ್ಲ, ಉದ್ದಬಾಲದವನು ಎನ್ನುತ್ತಾರೆ. ಇನ್ನು 'ಝುತ್' ಎಂಬ ಮಾತಂತೂ ಸೂರಿನಡಿ ಬರಲೇಕೂಡದು. ಹುಲ್ಲಿನ ಮೇಲೆ ಮಂಜುಗಡ್ಡೆ ಕೂತು, ಮೇವು ಬಾಯಿಗೆ ಸಿಗದೆ ಮಂದೆಗೆ ಮಂದೆಯೇ ಸಾಯುವ ಪಿಡುಗಿಗೆ ಆ ಹೆಸರು. ಹೆಸರು ಹಿಡಿದರೆ ಕರೆದ ಹಾಗೆ ಎಂದು ಮುದುಕ ಹೇಳುತ್ತಿದ್ದ. ಮದುವೆಯಾಗಿ ಬಂದ ಹೊಸತರಲ್ಲೇ ಬುರುಲ್ ಈ ಪಾಠ ಕಲಿತಿದ್ದಳು.

ಬಾಯಿ ಮುಚ್ಚಿಕೊಳ್ಳಬಹುದು, ಕೇಳಿದ್ದನ್ನು ಕೇಳಲಿಲ್ಲ ಅನ್ನಲಾಗುತ್ತದೆಯೇ? ಬುರುಲ್ ಚಹಾವನ್ನು ಒಲೆಯ ಮೇಲೇ ಬಿಟ್ಟಳು. ಗಂಡ ಒಬ್ಬನೇ ಅಲ್ಲಿ, ಒಂದು ಮಣ್ಣಿನ ಗುಡಿಸಲು, ಸುತ್ತ ಬಟ್ಟಬಯಲು. ಕುರಿಗಳೆಲ್ಲ ಗಬ್ಬದವು. ಆ ಮಂದೆ ಬಿಟ್ಟರೆ ಮನೆಗೆ ಬೇರೆ ಗತಿಯಿಲ್ಲ.

ಊರಿನಲ್ಲಿ ಫೋನು ಹಿಡಿಯುವುದು ಹಿಂದಿನ ದಿಬ್ಬದ ಮೇಲೆ ಮಾತ್ರ. ಅವಳು ಹತ್ತಿ ಹೋಗಿ ಗಂಡನಿಗೆ ಎಲ್ಲ ಹೇಳಿದಳು. ಎಸೆನ್ ನಕ್ಕ. ಇಲ್ಲಿ ಗಾಳಿ ಬೆಚ್ಚಗಿದೆ, ನಾನು ಕೋಟನ್ನೇ ಬಿಚ್ಚಿಟ್ಟಿದ್ದೇನೆ ಎಂದ. ಇವಳು ಬಿಡಲಿಲ್ಲ. ಕೊನೆಗೆ ಅವನ ದನಿ ಗಟ್ಟಿಯಾಯಿತು.

"ನೀನು ಹೆದರಿದೆ ಅಂತ ಮಂದೆ ಎಬ್ಬಿಸ್ಕೊಂಡು ಬಂದ್ರೆ ಅತಾ ನನ್ನ ಚರ್ಮ ಸುಲೀತಾರೆ ಕಣೇ. ಅಪ್ಪನ ಬಾಯಿಂದ ಬರ್ಲಿ, ನಿಂತ ಕಾಲಲ್ಲೇ ಹೊರಡ್ತೀನಿ. ಮಧ್ಯಾಹ್ನದವರೆಗೆ ಕಾಯ್ತೀನಿ. ಆಮೇಲೆ ಹೊಳೆ ದಾಟ್ತೀನಿ. ಆಚೆ ದಂಡೇಲಿ ಫೋನ್ ಸಿಗಲ್ಲ."

ಬುರುಲ್ ದಿಬ್ಬ ಇಳಿದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಅಸಿಲ್‌ಕಾನ್‌ಳ ಬಾಗಿಲಿಗೆ ಹೋದಳು. ಅಸಿಲ್‌ಕಾನ್ ಊರಿನ ದನಕರುಗಳ ಡಾಕ್ಟರು, ಬುರುಲ್‌ಗಿಂತ ಹಿರಿಯಳು. ವಿಷಯ ಕೇಳಿದ್ದೇ ತಡ ಅವಳೂ ಹೊರಟಳು. ಮುನ್ಸೂಚನೆಯನ್ನು ಅವಳೂ ಕೇಳಿದ್ದಳು, ಎಸೆನ್ ಬಯಲಿನಲ್ಲಿರುವುದು ಗೊತ್ತಿರಲಿಲ್ಲ.

ಮುದುಕ ಅವಳನ್ನು ಕಂಡು ಕುಚೋದ್ಯ ಮಾಡಿದ. "ಏನಮ್ಮಾ ಡಾಕ್ಟ್ರೇ, ಕುರಿಗೆಲ್ಲ ಸೂಜಿ ಚುಚ್ಚಿ ಆಯ್ತು, ಇನ್ನು ನನ್ನ ಸರದಿನಾ?"

ಅಸಿಲ್‌ಕಾನ್ ಚಹಾ ಬಟ್ಟಲು ಕೈಗೆ ತೆಗೆದುಕೊಂಡಳು, ಕುಡಿಯಲಿಲ್ಲ. ಬಂದ ಕಾರಣ ಹೇಳಿದಳು. ಮುದುಕ ಗಡ್ಡ ನೀವಿಕೊಂಡ. ನಾನು ಎಷ್ಟು ಚಳಿಗಾಲ ಕಂಡಿದ್ದೇನೆ, ಆ ಬಯಲಿನಲ್ಲಿ ಹಿಮ ನಿಲ್ಲುತ್ತದೆ ಎಂದು ನಗರದಲ್ಲಿ ಬೆಚ್ಚಗೆ ಕೂತವನು ನನಗೆ ಹೇಳಿಕೊಡಬೇಕೇ ಎಂದ.

"ಹಿಮ ನಿಲ್ಲೋದೇ ಬೇಡ ಅತಾ" ಎಂದಳು ಅಸಿಲ್‌ಕಾನ್. "ಮಳೇಲಿ ನೆಂದ ನೆಲ ಒಂದೇ ಸಲಕ್ಕೆ ಹೆಪ್ಪುಗಟ್ಟಿದ್ರೆ ಸಾಕು. ಹುಲ್ಲು ಕಣ್ಣಿಗೆ ಕಾಣುತ್ತೆ, ಬಾಯಿಗೆ ಸಿಗಲ್ಲ. ಕುದುರೆ ಗೊರಸಿಗೂ ಒಡೆಯಲ್ಲ ಆ ಗಡ್ಡೆ. ಮೇಲಿಂದ ಕುರಿ ಬೇರೆ ತೊಯ್ದಿರುತ್ತೆ. ಉಣ್ಣೆಯೊಳಗೆ ನೀರಿಳಿದ ಕುರಿ ಆ ಗಾಳಿಗೆ ಸಿಕ್ಕಿದ್ರೆ ನಿಂತಲ್ಲೇ ಮುದುಡುತ್ತೆ. ಮನುಷ್ಯನೂ ಅಷ್ಟೇ."

"ಸಾಕು. ನನ್ನ ಸೂರಿನಡಿ ಅಪಶಕುನ ನುಡೀಬೇಡ."

"ಹವಾಮಾನದವರು ಹಿಮಾನ ಕರೀತಿಲ್ಲ, ಬರ್ತಿರೋದನ್ನ ನೋಡಿ ಹೇಳ್ತಿದ್ದಾರೆ. ಒಂದೊಂದು ಸಲ ತಪ್ಪೂ ಆಗುತ್ತೆ. ತಪ್ಪಾಯ್ತು ಅನ್ಕೊಳ್ಳಿ. ನಿಮಗೆ ಒಂದಿಷ್ಟು ಹುಲ್ಲು ನಷ್ಟ, ಎಸೆನ್‌ಗೆ ಅರ್ಧ ದಿನ ನಡೆದ ಸುಸ್ತು. ನಿಜ ಆದ್ರೆ?"

ಮುದುಕ ಮುಖ ಆಚೆ ತಿರುಗಿಸಿದ. ಮಾತು ಅಲ್ಲಿಗೆ ಮುಗಿಯಿತು ಎಂದು ಅದರ ಅರ್ಥ. ಕಿಟಕಿಯ ಆಚೆ ಮೋಡ ತಗ್ಗಿ ಮನೆಗಳ ಮೇಲೇ ಕೂತ ಹಾಗಿತ್ತು. ನಾಳೆ ಎಂದ ಮಳೆ ಅವತ್ತೇ ಹನಿಯತೊಡಗಿತು. ಮಧ್ಯಾಹ್ನ ಹತ್ತಿರ ಬಂದಿತ್ತು.

ಬುರುಲ್ ಬಾಗಿಲ ಬಳಿ ನಿಂತಿದ್ದಳು. ಮಾವನಿಗೆ ಎದುರಾಡಿದವಳಲ್ಲ ಅವಳು. ಮಾವನ ಹೆದರಿಕೆ ಒಂದು ಕಡೆ, ಆ ಹೊಳೆಯ ಹೆದರಿಕೆ ಇನ್ನೊಂದು ಕಡೆ. ಹೊಳೆಯದ್ದೇ ದೊಡ್ಡದಾಯಿತು.

"ಅತಾ, ನೀವು ಚಿಕ್ಕೋರಿದ್ದಾಗ ಅದು ಬಂದಿತ್ತಂತಲ್ಲ, ಅತ್ತೆ ಇದ್ದಾಗ ಗುಟ್ಟಾಗಿ ಹೇಳಿದ್ರು. ಆಗ ಯಾರಾದ್ರೂ ಅದರ ಹೆಸರು ಎತ್ತಿದ್ರಾ?"

ಮುದುಕ ಗದರಿಸುತ್ತಾನೆ ಎಂದು ಅಸಿಲ್‌ಕಾನ್ ಬಟ್ಟಲು ಕೆಳಗಿಟ್ಟಳು. ಮುದುಕ ಗದರಿಸಲಿಲ್ಲ. ಕಂಬಳಿಯ ಅಂಚು ಹಿಸುಕಿದ.

"ಯಾರೂ ಎತ್ತಲಿಲ್ಲ" ಎಂದ. "ಅಪ್ಪನಿಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು. ಮಳೆ ನೋಡಿ ಇಬ್ಬರೂ ಒಳಗೊಳಗೇ ನಡುಗ್ತಾ ಇದ್ರು. ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮಣ್ಣ ಬಯಲಲ್ಲಿದ್ದ. ಅವನಿಗೆ ಯಾರೂ ಹೇಳಿ ಕಳಿಸ್ಲಿಲ್ಲ, ಮಗಳೇ."

ಆತನಿಗೆ ಒಬ್ಬ ಅಣ್ಣನಿದ್ದ ಎನ್ನುವುದೇ ಬುರುಲ್‌ಗೆ ಗೊತ್ತಿರಲಿಲ್ಲ. ಅಷ್ಟರಮಟ್ಟಿಗೆ ಆ ಮನೆ ಬಾಯಿ ಮುಚ್ಚಿಕೊಂಡಿತ್ತು.

ಮುದುಕ ಎದ್ದ. ಟೊಪ್ಪಿಗೆ ಹಾಕಿಕೊಂಡ. ದಿಬ್ಬದ ದಾರಿ ಜಾರುತ್ತಿತ್ತು. ಬುರುಲ್ ಒಂದು ತೋಳು ಹಿಡಿದಳು, ಅಸಿಲ್‌ಕಾನ್ ಇನ್ನೊಂದು. ಮೇಲೆ ಹೋಗಿ ಫೋನು ಹಚ್ಚಿದರೆ ಎತ್ತುವವರಿಲ್ಲ. ಬುರುಲ್ ಮತ್ತೆ ಹಚ್ಚಿದಳು, ಮತ್ತೆ. ಕೊನೆಗೆ ಎಸೆನ್ ಎತ್ತಿದ. ಹೊಳೆಯ ಸದ್ದು ಇಲ್ಲಿಗೇ ಕೇಳುತ್ತಿತ್ತು. ಮುಂದಾಳು ಹೋತವನ್ನು ಅವನು ಆಗಲೇ ನೀರಿಗೆ ಇಳಿಸುತ್ತಿದ್ದ.

ಮುದುಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಎಸೆನ್, ಝುತ್ ಬರ್ತಿದೆ. ಕೇಳಿಸ್ತಾ? ಝುತ್. ಮಂದೆ ತಿರುಗಿಸ್ಕೊಂಡು ಬಾ. ಹಿಂದೆ ಬಿದ್ದ ಕುರಿಗೆ ಕಾಯಬೇಡ. ನೀನು ಬಾ."

ಎಸೆನ್ ಕೂಡಲೇ ಹೋತವನ್ನು ನೀರಿನಿಂದ ಹಿಂದಕ್ಕೆ ಎಳೆದ. ಹುಟ್ಟಿದಂದಿನಿಂದ ಅಪ್ಪನ ಬಾಯಲ್ಲಿ ಅವನು ಆ ಮಾತು ಕೇಳಿದ್ದಿಲ್ಲ.

ಆಮೇಲೆ ಕಾಯುವ ಕೆಲಸ. ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಮುದುಕ ಏಣಿ ಹಾಕಿಸಿ ಮೆದೆಯ ಹುಲ್ಲು ಇಳಿಸಿದ. ಕೊಟ್ಟಿಗೆಯ ನೆಲಕ್ಕೆ ಒಣಸೊಪ್ಪೆ ಹರಡಿ, ಗಾಳಿ ನುಗ್ಗುವ ಸಂದುಗಳಿಗೆ ಗೋಣಿ ತುರುಕಿದರು. ಅಸಿಲ್‌ಕಾನ್ ಮನೆಮನೆಗೆ ಹೋಗಿ ಹೇಳಿದಳು. ಕೆಲವರು ಕೇಳಿದರು, ಕೆಲವರು ಮಳೆಗೆ ಹೆದರುವುದೇ ಎಂದು ನಕ್ಕರು. ಪಕ್ಕದ ಮನೆಯ ಜೇನ್‌ಬಾಯ್ ಫೋನಿಗೆ ಸಿಗಲೇ ಇಲ್ಲ. ಅವನು ಬೆಳಿಗ್ಗೆಯೇ ಹೊಳೆ ದಾಟಿದ್ದ.

ಹೊತ್ತು ಮುಳುಗುವಾಗ ಗಾಳಿ ತಿರುಗಿತು. ಮಳೆಹನಿ ಮುಖಕ್ಕೆ ಮರಳಿನ ಹಾಗೆ ಹೊಡೆಯತೊಡಗಿತು. ಬುರುಲ್ ಬೇಲಿ ಹಿಡಿದು ದಾರಿಯನ್ನೇ ನೋಡುತ್ತಿದ್ದಳು. ಕತ್ತಲಾಗುವ ಮುಂಚೆ ಕೆಮ್ಮು ಕೇಳಿಸಿತು, ಕುರಿಗಳದ್ದು. ಹಿಂದೆಯೇ ಎಸೆನ್ ಬಂದ. ಗಡ್ಡದಲ್ಲಿ ಮಂಜು ಕಟ್ಟಿತ್ತು, ತುಟಿ ಅಲ್ಲಾಡುತ್ತಿರಲಿಲ್ಲ. ಎಲ್ಲ ಕುರಿ ಬಂದವು ಎಂದರೆ ಸುಳ್ಳಾಗುತ್ತದೆ. ಮುದಿಯವು ಕೆಲವು ದಾರಿಯಲ್ಲಿ ಕೂತವು, ಏಳಲಿಲ್ಲ. ಉಳಿದವನ್ನು ಒಳಗೆ ಹಾಕಿ, ಗೋಣಿಯಿಂದ ಮೈ ಉಜ್ಜಿ, ಹುಲ್ಲು ಹಾಕಿದರು. ಮುದುಕ ತಾನೇ ತಂದು ಹಾಕಿದ.

ಬೆಳಗಾಗೆದ್ದು ನೋಡಿದರೆ ಕೆಳಗಿನ ಬಯಲು ಕಣ್ಣು ಕುಕ್ಕುವಷ್ಟು ಹೊಳೆಯುತ್ತಿತ್ತು. ಹುಲ್ಲಿನ ಮೇಲೆ ಗಡ್ಡೆ, ಗಡ್ಡೆಯ ಮೇಲೆ ಹಿಮ. ಜೇನ್‌ಬಾಯ್‌ನನ್ನು ಹುಡುಕಿಕೊಂಡು ಊರವರು ಹೋದರು. ಅವನು ಸಿಕ್ಕಿದ, ಜೀವಂತ ಸಿಕ್ಕಿದ. ಕಾಲ ಬೆರಳುಗಳು ಉಳಿಯಲಿಲ್ಲ. ಮಂದೆಯಲ್ಲಿ ಒಂದೂ ಉಳಿಯಲಿಲ್ಲ. ಅವನ ಹೆಂಡತಿಯ ಅಳು ಕೇರಿಗೆಲ್ಲ ಕೇಳಿಸಿತು.

ಕೇಳಿ ಅಣ್ಣಂದಿರೇ, ಅಕ್ಕಂದಿರೇ. ಹೆಸರು ಎತ್ತಿದ್ದರಿಂದ ಝುತ್ ಬರಲಿಲ್ಲ. ಅದು ಬರುವುದಿತ್ತು, ಬಂತು. ಹೆಸರು ಎತ್ತಿದ್ದರಿಂದ ಎಸೆನ್ ಬಂದ. ಹವಾಮಾನದ ಮುನ್ಸೂಚನೆಯನ್ನು ಅರ್ಧ ಕೇಳಿ ರೇಡಿಯೊ ಆರಿಸಬೇಡಿ. ಮಳೆ ಎಂದ ಮೇಲೆ ಅದರ ಬೆನ್ನಿಗೆ ಏನಿದೆ ಎಂದೂ ಕೇಳಿ. ಮಳೆಯಾಗಿ ಚಳಿ ಏರುತ್ತದೆ, ತಗ್ಗಿಗೂ ಹಿಮ ಬರುತ್ತದೆ ಎಂದರೆ, ಕುರಿ ತೊಯ್ಯುವ ಮೊದಲೇ ಸೂರಿನಡಿ ತನ್ನಿ. ಹುಲ್ಲು ಉಳಿಸಿದ್ದು ಇಂಥ ದಿನಕ್ಕೇ, ಇಳಿಸಿ. ಹೊಳೆ ದಾಟಬೇಡಿ. ಫೋನಿಗೆ ಚಾರ್ಜು ತುಂಬಿಟ್ಟುಕೊಳ್ಳಿ. ಪಕ್ಕದ ಮನೆಯವರಿಗೂ ಹೇಳಿ, ಬಯಲಿನಲ್ಲಿ ಇರುವವರಿಗೆ ಮೊದಲು ಹೇಳಿ. ಅಪಶಕುನ ಎಂದು ಅವರು ಬೈಯಬಹುದು. ಬೈಯಲಿ. ಬೈಯುವುದಕ್ಕಾದರೂ ಅವರು ಇರಲಿ.